ಸೆಟ್ಟಿಗೆ ಒಂಬತ್ತು ಅರ್ಥ, ಹನ್ನೆರಡು ವೀಳ್ಯದೆಲೆ

೧೯೬೧ನೇ ಇಸವಿ ಏಪ್ರಿಲ್ ೧೩, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ತಂಗಿ ಶಾರದೆಯ ಮದುವೆಗೆ ಬ್ಯಾಂಡ್ ಸೆಟ್ ಗೊತ್ತುಮಾಡಲು ಮಧುಗಿರಿಯಿಂದ ಶಿರಾ ಬಸ್ ಹತ್ತಿದೆ. ಅವಳು ಒಡವೆ ಕೇಳಿರಲಿಲ್ಲ. "ಗಂಡಿನೋರು ಬಸ್ ಇಳ್ದಾಗ ಬ್ಯಾಂಡ್ ಬಾರಿಸ್ಬೇಕು ಅಣ್ಣಾ, ಅಷ್ಟೇ" ಎಂದಿದ್ದಳು.

ಅಮ್ಮ ಹನ್ನೆರಡು ವೀಳ್ಯದೆಲೆ, ಅಡಿಕೆ ಕಟ್ಟಿಕೊಟ್ಟಳು. "ಲೇ ರಾಮೂ, ಮೊದ್ಲು ಬ್ಯಾಂಡ್ ಸಾಹೇಬ್ರ ಕೈಗೆ ವೀಳ್ಯ ಕೊಡು. ವೀಳ್ಯ ಹಿಡೀದೆ ವಾದ್ಯದೋರು ಬರಾಕಿಲ್ಲ ಕಣ್ಲಾ!"

ಡೈರಿ, ಪೆನ್ನು ಎರಡೂ ಇರುವವನಿಗೆ ಎಲೆಯ ಹಂಗೇಕೆ?

ಬಸ್ಸಿನಲ್ಲಿ ಒಂದು ಯೋಚನೆ ಹೊಳೆಯಿತು. ಬ್ಯಾಂಡಿಗೂ ಸೆಟ್, ರೇಡಿಯೋಗೂ ಸೆಟ್, ತಾತನ ಹಲ್ಲಿಗೂ ಸೆಟ್! ಈ ಪದಕ್ಕೆ ಒಟ್ಟು ಎಷ್ಟು ಅರ್ಥ? ಡೈರಿಯಲ್ಲಿ ಪಟ್ಟಿ ಆರಂಭವಾಯಿತು.

ಶಿರಾದಲ್ಲಿ ಬ್ಯಾಂಡಿನ ಸಾಹೇಬರು ನಮಾಜಿಗೆ ಹೋಗಿದ್ದರು. ಜಗಲಿಯಲ್ಲಿ ಕುಳಿತಿದ್ದವರನ್ನೇ ಕೇಳಿದೆ. ಗಾರೆಯವನು "ಗಾರೆ ಸೆಟ್ ಆಗ್ಬೇಕು" ಎಂದ. ಗಡಿಯಾರದವನು "ಟೈಮ್ ಸೆಟ್" ಎಂದ. ಹೋಟೆಲಿನವನು "ಸೆಟ್ ದೋಸೆ!" ಎಂದು ಕೂಗಿದ. ಸಂತೋಷ ತಡೆಯಲಾರದೆ ಅರ್ಥ ಹೇಳಿದವರಿಗೆಲ್ಲ ಎಲೆ ಅಡಿಕೆ ಕೊಟ್ಟೆ. ನಾನೂ ಜಗಿದೆ. ಒಟ್ಟು ಅರ್ಥ ಒಂಬತ್ತು. ಉಳಿದ ಎಲೆ ಸೊನ್ನೆ!

ಸಾಹೇಬರು ಬಂದರು. ಮದುವೆಯ ದಿನ ಹೇಳಿ, ಅವರೆದುರೇ ಡೈರಿಯಲ್ಲಿ ಬರೆದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಪೆನ್ನು ಮೆಚ್ಚಿದರೆಂದು ಹಿಗ್ಗಿದೆ.

ಮೇ ೩, ಸಂಜೆ ನಾಲ್ಕು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಂಡಿನವರು ಸಾಲಾಗಿ ಕುಳಿತಿದ್ದರು.

"ಬಂದ್ಬುಟ್ರಾ ಸಾಹೇಬ್ರೇ!"

"ಪುರವರದ ಮದ್ವೆಗೆ ಹೋಗೋ ಬಸ್ಸಿಗೆ ಕಾಯ್ತಾ ಇದೀವಿ ಭಾಯಿ. ಅವ್ರು ವೀಳ್ಯ ಕೊಟ್ರು. ನೀವು ಬರೀ ಬುಕ್ ತೋರ್ಸಿದ್ರಿ!"

ಅಷ್ಟರಲ್ಲಿ ಕೊರಟಗೆರೆಯ ಬಸ್ ಬಂತು. ಗಂಡಿನವರು ಇಳಿಯತೊಡಗಿದರು. ಎದುರಿನ ಛತ್ರದ ಕಿಟಕಿಯಲ್ಲಿ ಶಾರದೆಯ ಮುಖ.

ಗಂಡಿನವರನ್ನು ಎದುರುಗೊಳ್ಳಲು ಬಂದಿದ್ದ ಅಮ್ಮ ಸೊಂಟದ ಸಂಚಿಯಿಂದ ಬಾಡಿದ ಎರಡು ಎಲೆ ತೆಗೆದು ಸಾಹೇಬರ ಕೈಗಿಟ್ಟಳು. ಅವರು ಕಣ್ಣಿಗೊತ್ತಿಕೊಂಡರು. "ಅಮ್ಮಾ, ನಮ್ ಬಸ್ ಬರೋಗಂಟ!"

ಬ್ಯಾಂಡ್ ಹದಿನೆಂಟು ನಿಮಿಷ ಮೊಳಗಿತು. ಕೊನೆಯ ನಾಲ್ಕೇಟು ಪುರವರದ ಬಸ್ಸಿನ ಮೆಟ್ಟಿಲ ಮೇಲಿಂದ ಬಿದ್ದವು! ಕಿಟಕಿಯಲ್ಲಿ ಶಾರದೆ ಅಳುತ್ತ ನಗುತ್ತಿದ್ದಳು.

"ನಿನ್ ಡೈರಿ ಎಷ್ಟೊತ್ತು ಬಾರಿಸ್ತಿತ್ತೋ ನೋಡ್ಬೋದಿತ್ತು" ಎಂದಳು ಅಮ್ಮ.

ಸೆಟ್ ಎಂಬ ಪದಕ್ಕೆ ಹತ್ತನೆಯ ಅರ್ಥ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕಾಗದದೊಳಗೆ ಎರಡು ವೀಳ್ಯದೆಲೆ ಇರಲಿ. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ.