ಮಿರ್ಚಿ ಲಾಲ್ ಪರೀಕ್ಷೆ

ಎಲ್ಲಕ್ಕೂ ಕಾರಣ ಬೆರಳುದ್ದದ ಒಂದು ಕೆಂಪು ಲಿಪ್‌ಸ್ಟಿಕ್. ಮುಂಬಯಿಯ ಏಜೆಂಟನೊಬ್ಬ ಪಂಚವಟಿಯ ರೇವಣಪ್ಪನ ಬಳೆ ಅಂಗಡಿಯಲ್ಲಿ ಅಂಥವನ್ನು ಡಬ್ಬಿ ತುಂಬ ಇಟ್ಟು, ಇದಕ್ಕೆ ‘ಮಿರ್ಚಿ ಲಾಲ್’ ಎಂದು ಹೆಸರು, ಚಹಾ ಕುಡಿದರೂ ಹೋಗದು, ಮುಖ ತೊಳೆದರೂ ಹೋಗದು ಎಂದು ಬಾಯಿತುಂಬ ಹೊಗಳಿ ಹೋಗಿದ್ದ.

ರೇವಣಪ್ಪ ಭಾಲ್ಕಿ ಕಡೆಯವನು. ತಾನು ಪರೀಕ್ಷಿಸದ ಮಾಲನ್ನು ಗಿರಾಕಿಗೆ ಕೊಡಬಾರದು ಎಂಬುದು ಅವನ ಅಪ್ಪ ಹಾಕಿಕೊಟ್ಟ ನೇಮ. ಊದಿನಕಡ್ಡಿಯನ್ನು ಹಚ್ಚಿ ನೋಡುತ್ತಿದ್ದ, ಬಳೆಯನ್ನು ಕುಟ್ಟಿ ನೋಡುತ್ತಿದ್ದ. ಮಿರ್ಚಿ ಲಾಲನ್ನು ಮುಂಗೈ ಮೇಲೆ ಗೀಚಿ, ತೊಳೆದು, ಮಹಡಿಯ ಮೇಲಿನ ಸುಶೀಲಾಬಾಯಿಗೆ ತೋರಿಸಿದ. ಓಣಿಯ ಹೆಂಗಸರೆಲ್ಲ ಆಕೆ ಕೊಂಡದ್ದನ್ನೇ ಕೊಳ್ಳುವವರು.

"ಮುಂಗೈಲೆ ಯಾರು ಚಹಾ ಕುಡೀತಾರ್ರಿ ರೇವಣಪ್ಪ? ತುಟಿಗೆ ಹಚ್ಚಿ ತೋರಸ್ರಿ."

"ನೀವೇ ಹಚ್ಚಿ ನೋಡ್ರಿ ಅಕ್ಕಾವ್ರ."

"ನಾನಾ? ಪಂಚವಟಿಯಾಗ ಹಚ್ಚಿದ್ರ ನಾಟಕದಾಕಿ ಅಂದಾರು! ಮುಂಬಯಿದಾಗ ನನ್ನ ತಂಗಿ ಮಗಳ ಲಗ್ನ ಅದ, ಅಲ್ಲಿಗೆ ಬೇಕು. ಗಟ್ಟಿ ಇದ್ರ ಹೇಳ್ರಿ."

ಮಧ್ಯಾಹ್ನ ರೇವಣಪ್ಪ ಬಾಗಿಲು ಓರೆಮಾಡಿ, ಕನ್ನಡಿ ಹಿಡಿದು, ದೇವರನ್ನು ನೆನೆದು ತುಟಿಗೆ ಬಳಿದುಕೊಂಡ. ಚಹಾ ಕುಡಿದ. ಅವಲಕ್ಕಿ ಚೂಡಾ ಮುಕ್ಕಿದ. ಟವೆಲಿನಿಂದ ತಿಕ್ಕಿದ. ಬಣ್ಣ ಕದಲಲಿಲ್ಲ. ಏಜೆಂಟ ಸುಳ್ಳು ಹೇಳಿಲ್ಲ ಎಂದು ವ್ಯಾಪಾರಿಯ ಮನಸ್ಸು ಹಿಗ್ಗಿತು. ಮರುಗಳಿಗೆಯಲ್ಲೇ ಟವೆಲ್ ಎತ್ತಿ ಮತ್ತೆ ತಿಕ್ಕತೊಡಗಿದ.

ನಾಳೆ ಅವನಿಗೆ ಗೊತ್ತುಮಾಡುತ್ತಿದ್ದ ಹೆಣ್ಣಿನ ತಂದೆ ಗುರುಲಿಂಗಪ್ಪನವರು ಅವನನ್ನು ನೋಡಲು ಬರುವವರಿದ್ದರು. ಔರಂಗಾಬಾದಿನ ಹತ್ತಿರ ಕನ್ನಡ ಅಂತ ಒಂದು ಊರಿದೆ. ಹೆಸರಷ್ಟೇ ಕನ್ನಡ, ಬೀದಿಯಲ್ಲಿ ಆಡುವುದೆಲ್ಲ ಮರಾಠಿ; ಗುರುಲಿಂಗಪ್ಪನವರ ಮನೆಮಾತು ಮಾತ್ರ ಕನ್ನಡ. ಅಲ್ಲಿ ಅವರದು ಅರಳೆ ವ್ಯಾಪಾರ. ಎಲೆಅಡಿಕೆ ಕಂಡರೆ ಅವರಿಗೆ ಉರಿ. ಊರಲ್ಲಿ ಪಾನ್ ಬಿಡಿಸುವ ಸಂಘ ಕಟ್ಟಿದವರು, ತಮ್ಮ ಮನೆಯ ಲಗ್ನದಲ್ಲೂ ತಾಂಬೂಲದ ಬದಲು ಕಲ್ಲುಸಕ್ಕರೆ ಹಂಚಿದವರು. ಹುಡುಗ ಪಾನ್ ಮುಟ್ಟುವವನಾಗಿರಬಾರದು ಎಂಬುದೊಂದೇ ಅವರ ಷರತ್ತು. ರೇವಣಪ್ಪ ಹುಟ್ಟಿದಾರಭ್ಯ ಮುಟ್ಟಿದವನಲ್ಲ. ಅವರ ಮಗಳು ಪ್ರೇಮಾಬಾಯಿಯ ಫೋಟೋ ನೋಡಿದಂದಿನಿಂದ ಅವನಿಗೆ ಬೇರೆ ಹೆಣ್ಣಿನ ಮಾತೇ ಬೇಡವಾಗಿತ್ತು.

ಎದುರಿನ ಹೋಟೆಲಿನ ಭುಜಂಗ ಒಳಗೆ ಇಣುಕಿದ. "ಎಂತ ಮಾರಾಯ್ರೆ, ಸ್ತ್ರೀವೇಷವಾ?"

ಸಂಗತಿ ಕೇಳಿ, ಊರಿಂದ ತರಿಸಿದ್ದ ತೆಂಗಿನೆಣ್ಣೆ ತಂದು ತಾನೇ ತಿಕ್ಕಿದ. ಬಣ್ಣ ಹೋಗಲಿಲ್ಲ, ಹೊಳಪು ಬಂತು. ಲಿಂಬೆಹಣ್ಣು ತಿಕ್ಕಿದ. ರೇವಣಪ್ಪನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಬಾಗಿಲಿಗೆ ಟಾಂಗಾ ಬಂದು ನಿಂತಿತು. ಬಿಳಿ ಧೋತರ, ಗಿರಿಜಾ ಮೀಸೆ. ಗುರುಲಿಂಗಪ್ಪನವರು! ರೇವಣಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

"ಹೇಳಿದ ದಿನಾ ಹೋದ್ರ ಎಲ್ಲಾ ಹುಡುಗರೂ ಸಾಚಾನ ಇರ್ತಾರ," ಎನ್ನುತ್ತ ಒಳಗೆ ಬಂದರು. "ಅದಕ್ಕ ಒಂದಿನಾ ಮೊದಲ ಬಂದೆ. ಯಾಕ, ಬಾಯಿಗೆ ಟವೆಲ್ ಯಾಕ? ಹಲ್ಲುನೋವೇನ್ರಿ?"

ಷರತ್ತಿನ ಸುದ್ದಿ ಭುಜಂಗನಿಗೆ ಗೊತ್ತಿರಲಿಲ್ಲ. ಗೆಳೆಯನ ಮಾನ ಉಳಿಸಲು ಮುಂದೆ ಬಂದ.

"ಎಂತದೂ ಇಲ್ಲ ಸ್ವಾಮೀ. ಊಟ ಆದ ಮೇಲೆ ಒಂದು ಪಾನ್ ಹಾಕಿದ್ದು. ಹಿರಿಯರ ಎದುರು ನಾಚಿಕೆ ಅಲ್ವಾ?"

ಗುರುಲಿಂಗಪ್ಪನವರು ಟವೆಲ್ ಎಳೆದರು. ತುಟಿ ನೋಡಿದರು. ತಿರುಗಿ ಟಾಂಗಾದ ಕಡೆ ನಡೆದರು.

"ಪಾನ್ ಅಲ್ರೀ! ಬಣ್ಣ!" ರೇವಣಪ್ಪ ಅವರ ಮುಂದೆ ಹೋಗಿ ನಿಂತ. "ಹೆಣ್ಮಕ್ಕಳ ಲಿಪ್‌ಸ್ಟಿಕ್ ಅದ. ಮಾಲು ಗಟ್ಟಿ ಅದನೋ ಇಲ್ಲೋ ನೋಡ್ಲಿಕ್ಕೆ ನಾನೇ ಹಚ್ಚಿಕೊಂಡೀನಿ."

"ಸುಳ್ಳಿಗೂ ಒಂದು ಮಿತಿ ಇರ್ಲಿ. ಬಣ್ಣಾ ಇದ್ರ ಒರಸಿ ತೋರಸ್ರಿ."

ರೇವಣಪ್ಪ ಒರೆಸಿದ, ಉಜ್ಜಿದ, ಕೆರೆದ. ಗದ್ದಲ ಕೇಳಿ ಸುಶೀಲಾಬಾಯಿ ಇಳಿದು ಬಂದಳು. "ಹಚ್ಚಿಕೋ ಅಂದಾಕಿ ನಾನೇರಿ! ನಂಬಿಕಿ ಇಲ್ಲಂದ್ರ ನೀವೂ ಹಚ್ಚಿ ನೋಡ್ರಿ. ಕೈಗಲ್ಲ, ತುಟಿಗೆ."

ಗುರುಲಿಂಗಪ್ಪನವರು ಹಟದ ಮನುಷ್ಯ. ಒಂದು ಕೈಯಲ್ಲಿ ಮೀಸೆ ಎತ್ತಿಹಿಡಿದು, ಇನ್ನೊಂದರಲ್ಲಿ ಬಳಿದುಕೊಂಡರು. ಬಳಿಕ ಭುಜಂಗನ ನಲ್ಲಿಯ ಕೆಳಗೆ ಬಾಯಿ ತೊಳೆದರು. ಬಿಸಿ ಚಹಾ ಕುಡಿದರು. ಧೋತರದ ಅಂಚಿನಿಂದ ತಿಕ್ಕಿದರು. ಕನ್ನಡಿ ನೋಡಿ ಸ್ಟೂಲಿನ ಮೇಲೆ ಕುಸಿದು ಕೂತರು.

"ತಪ್ಪಾತು ರೇವಣಪ್ಪ. ಖರೇನ ಹೇಳಿದ್ರಿ. ನಿಮ್ಮಂಥಾ ಹುಡುಗ ದೀಪಾ ಹಚ್ಚಿ ಹುಡುಕಿದ್ರೂ ಸಿಗಂಗಿಲ್ಲ."

ರೇವಣಪ್ಪನಿಗೆ ಹೋದ ಜೀವ ಬಂದಂತಾಯಿತು. ಇನ್ನು ಮಗ್ಗುಲಲ್ಲಿ ಪ್ರೇಮಾಬಾಯಿ, ಕೈತುಂಬ ವ್ಯಾಪಾರ ಎಂದು ಹಿಗ್ಗುತ್ತ ಸುಶೀಲಾಬಾಯಿಯ ಮುಂದೆ ಡಬ್ಬಿ ಹಿಡಿದ.

"ಇಷ್ಟು ಗಟ್ಟಿ ಬ್ಯಾಡ್ರಿ," ಎಂದು ಆಕೆ ಹಿಂದೆ ಸರಿದಳು. "ಮುಂಬಯಿದಾಗ ಹಚ್ಚಿದ್ದು ಪಂಚವಟಿಗೆ ಬಂದ್ರೂ ಹೋಗಂಗಿಲ್ಲ ಅಂದ್ರ ಹ್ಯಾಂಗ?"

ಆಕೆ ಮೆಟ್ಟಿಲು ಹತ್ತಿ ಹೋದಳು. ಗುರುಲಿಂಗಪ್ಪನವರು ಮಾತ್ರ ಇನ್ನೂ ಕನ್ನಡಿಯನ್ನೇ ನೋಡುತ್ತಿದ್ದರು. ಸಂಜೆಯ ಬಸ್ಸಿಗೆ ಹೊರಡಬೇಕಿತ್ತು, ಬೆಳಗಾದರೆ ಸಂಘದವರಿಗೆ ಮುಖ ತೋರಿಸಬೇಕು. ಕೊನೆಗೆ ರೇವಣಪ್ಪನ ಟವೆಲನ್ನೇ ಬಾಯಿಗೆ ಸುತ್ತಿಕೊಂಡು ಟಾಂಗಾ ಹತ್ತಿದರು.

"ಮುಹೂರ್ತ ಯಾವಾಗ ನೋಡೂಣ್ರಿ ಮಾವನವರ?" ಎಂದ ರೇವಣಪ್ಪ, ನಾಚಿಕೆ ಬಿಟ್ಟು.

ಅವರು ಅವನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾದ ದುಃಖವಿತ್ತು.

"ನೀವು ಬಂಗಾರದಂಥಾ ಮನಿಷಾ ಖರೆ. ಆದ್ರ ಈ ವಯಸ್ಸಿನ್ಯಾಗ ಲಿಪ್‌ಸ್ಟಿಕ್ ಹಚ್ಚಿಕೊಂಡೆ ಅಂತ ಊರಾಗ ಹ್ಯಾಂಗ ಹೇಳ್ಲಿ? ಹುಡುಗ ಪಾನ್ ತಿನ್ನಾಂವ, ಬ್ಯಾಡ ಬ್ಯಾಡಂದ್ರೂ ನನ್ನ ಬಾಯಾಗೂ ಒಂದು ತುರುಕಿದ, ಸಂಬಂಧ ಮುರಕೊಂಡು ಬಂದೆ ಅಂತ ಹೇಳತೀನಿ. ನಿಮಗ ಬ್ಯಾರೆ ಹೆಣ್ಣು ಸಿಗತದ. ನನಗ ಬ್ಯಾರೆ ಮರ್ಯಾದಿ ಸಿಗಂಗಿಲ್ಲರಿ."