ಮುಸುಕು ತೆಗೆದ ಎಂಜಿನ್

ಹಳೆಯ ಕಾರನ್ನು ಮಾರುವ ಮುನ್ನ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ: ಮುಚ್ಚುಮರೆ ಇಲ್ಲದ ವ್ಯಾಪಾರ! ನಿಪ್ಪಾಣಿ ಪೇಟೆಯಲ್ಲಿ ಗೋಣಿ ಬಿಚ್ಚಿಸಿ, ಚೂರು ಮುರಿದು ಬಾಯಿಗೆ ಹಾಕಿಕೊಳ್ಳದೆ ಒಂದೇ ಒಂದು ಬೆಲ್ಲದ ಪೆಂಟಿಯನ್ನೂ ಕೊಂಡವನಲ್ಲ ನಾನು. ಅಂಥವನ ಕಾರಿನ ಎಂಜಿನ್ ಮೇಲೆ ಕರಿ ಪ್ಲಾಸ್ಟಿಕ್ ಮುಚ್ಚಳ! ಅಪ್ಪನ ಕಾಲದ ಜೀಪಿನ ಬಾನೆಟ್ ಎತ್ತಿದರೆ ಎಂಜಿನ್ ಎದೆ ತೆರೆದು ನಿಂತಿರುತ್ತಿತ್ತು. ಈಗಿನ ಎಂಜಿನ್ನುಗಳಿಗೆ ನಾಚಿಕೆ ಜಾಸ್ತಿ!

ಗಿರಾಕಿ ಬರುವ ದಿನ ಬೆಳಿಗ್ಗೆಯೇ ಸ್ಕ್ರೂಡ್ರೈವರ್ ತೂರಿಸಿ ಮುಚ್ಚಳ ಎಬ್ಬಿಸಿದೆ. ಕಟ್ ಎಂದಿತು.

“ಏನ್ ಮಾಡಾಕತ್ತೀರಿ?” ಎಂದಳು ಹೆಂಡತಿ ಕಾಂಚನ.

“ಸತ್ಯ ತೋರಸಾಕತ್ತೇನಿ!”

“ಸತ್ಯದ ಕೊಂಡಿ ಎರಡು ಮುರದು ಕೆಳಗ ಬಿದ್ದಾವ ನೋಡ್ರಿ.”

ಅಷ್ಟರಲ್ಲಿ ಚಿಂಚಲಿಯ ದನದ ವ್ಯಾಪಾರಿ ಜಕ್ಕಪ್ಪ ಬಂದ. ಈ ಕಾರು ಹೋಗದಿದ್ದರೆ ಅಂಗಳದಲ್ಲಿ ಹೊಸ ಕಾರಿಗೆ ಜಾಗವಿಲ್ಲ. ಹೊಸದು ಬರದಿದ್ದರೆ ಮನೆಯಲ್ಲಿ ನನಗೆ ಜಾಗವಿಲ್ಲ! ನಾಟಕದ ಪರದೆ ಎತ್ತುವ ಗತ್ತಿನಲ್ಲಿ ಬಾನೆಟ್ ಎತ್ತಿದೆ. ಬಗ್ಗಿ ನೋಡಿದ ಜಕ್ಕಪ್ಪನ ಹುಬ್ಬು ಗಂಟಾಯಿತು.

“ಸಾವ್ಕಾರ್ರ, ಮ್ಯಾಲಿನ ಮುಚ್ಚಳ ಎಲ್ಲೈತ್ರಿ?”

“ನಾನ ತಗದೇನಿ. ನಿಮಗ ಎಂಜಿನ್ ಸಾಫ್ ಕಾಣ್ಲಿ ಅಂತ!”

“ಎತ್ತು ಕೊಳ್ಳೂವಾಗ ನಾವು ಬಾಯಿ ತಗಿಸಿ ಹಲ್ಲು ನೋಡ್ತೀವ್ರಿ. ಕೇಳೂಕಿಂತ ಮೊದಲ ಮಾರಾಂವ ತಾನ ಬಾಯಿ ತಗದು ತೋರಿಸಿದ್ನಂದ್ರ, ಕಾಲಾಗ ಏನೋ ಐಬು ಐತಿ ಅಂತ ಲೆಕ್ಕ. ನೀವ ಕೈ ಹಾಕಿ ಎಂಜಿನ್ ಬಿಚ್ಚೀರಿ, ಹೌದಲ್ರಿ?”

“ದೇವರಾಣಿ, ಇಲ್ಲ!”

“ಆಣಿ ಮಾಡಾಕ ನಿಂತ್ರಿ ಅಂದ್ರ ಗೇರ್ ಬಾಕ್ಸೂ ಬಿಚ್ಚಿರಬೇಕು.”

ಟವೆಲ್ ಕೊಡವಿ ಹೊರಟೇಬಿಟ್ಟ! ಮುಚ್ಚಳ ಮತ್ತೆ ಕೂರಿಸಲು ಹೋದೆ. ಒಂದು ಮೂಲೆ ಒತ್ತಿದರೆ ಇನ್ನೊಂದು ಎದ್ದು ನನ್ನನ್ನೇ ಅಣಕಿಸಿತು. ಆಗ ಕಾಂಚನ ಮುಂದೆ ಬಂದಳು.

“ಅಣ್ಣಾರ, ತಡೀರಿ. ರೀ, ಇದಕ್ಕ ಆಯಿಲ್ ಎಲ್ಲಿ ಹಾಕ್ತಾರ? ತೋರಸ್ರಿ ನೋಡೂನು.”

ಆಹಾ, ಮಾನ ಉಳಿಸಿಕೊಳ್ಳುವ ಅವಕಾಶ! ಮಹಾ ಮೆಕ್ಯಾನಿಕನ ಗಾಂಭೀರ್ಯದಿಂದ ಒಂದು ಮುಚ್ಚಳಕ್ಕೆ ಬೆರಳಿಟ್ಟು, “ಇಲ್ಲಿ!” ಎಂದೆ.

“ಅದು ಗಾಜು ತೊಳಿಯೂ ನೀರಿನ ಡಬ್ಬಿ,” ಎಂದಳು ಕಾಂಚನ. “ನೋಡಿದ್ರಲ್ಲ ಅಣ್ಣಾರ? ಇವರು ಎಂಜಿನ್ ಬಿಚ್ಚೂ ಪೈಕಿ ಏನ್ರಿ?”

ಜಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ದನದ ಸಂತೆಯ ಪದ್ಧತಿಯಂತೆ ನನ್ನ ಕೈಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳು ಹಿಚುಕಿ ಗುಟ್ಟಾಗಿ ಬೆಲೆ ಹೇಳಿ ವ್ಯವಹಾರ ಮುಗಿಸಿಯೂಬಿಟ್ಟ. ಕೀಲಿ ಇಸಿದುಕೊಳ್ಳುತ್ತ ಹೇಳಿದ:

“ಈಗ ನಂಬಿಕಿ ಬಂತ್ರಿ ಸಾವ್ಕಾರ್ರ. ನಿಮ್ಮಂಥಾ ಏನೂ ತಿಳೀದ ಮಾಲಕ ಸಿಗಬೇಕಂದ್ರ ಎಂಜಿನ್ ಪುಣ್ಯಾ ಮಾಡಿರಬೇಕ್ರಿ!”