ಗೆಳೆಯ ಹಿಡಿಯದ ನಂಗು ಮೀನು

ಅಳಬೇಕಾದ ಜಾಗದಲ್ಲೇ ನಗು ಬರುವಂಥದ್ದು ನಡೆಯುವುದು ನನ್ನ ಹಣೆಬರಹ. ಬಳ್ಳಾರಿಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ ಸಿರುಗುಪ್ಪದವನು. ಅವನಿಗೆ ಮೀನು ಹಿಡಿಯುವ ಹುಚ್ಚು, ಅದೂ ಮನೆಯ ಹತ್ತಿರದ ಹೊಳೆಯಲ್ಲಲ್ಲ, ಸಮುದ್ರದಲ್ಲಿ. ನಾನೋ ಈರುಳ್ಳಿಯನ್ನೂ ಒಳಗೆ ಬಿಡದ ವೈಷ್ಣವರ ಮನೆಯವನು. ಆದರೂ ಪ್ರತಿ ವರ್ಷ ಅವನ ಜೊತೆ ಕಾರವಾರಕ್ಕೆ ಹೋಗುತ್ತಿದ್ದೆ, ಮುಳುಗಿದರೆ ಊರಿಗೆ ಹೇಳಲು ಒಬ್ಬರಿರಲಿ ಎಂದು.

ಕಾಲಿಗೆ ಸಿಕ್ಕಿದ್ದು

ನಂಗು ಎಂಬುದು ರೊಟ್ಟಿಯಂಥ ಚಪ್ಪಟೆ ಮೀನು. ಎರಡೂ ಕಣ್ಣು ಒಂದೇ ಬದಿಗೆ. ಮರಳಿನಲ್ಲಿ ಹುದುಗಿ ಮಲಗಿರುತ್ತದೆ. ಒಂದು ವರ್ಷ ನಮ್ಮವನು ಮೊಣಕಾಲುದ್ದ ನೀರಿನಲ್ಲಿ ಗಾಳ ಹಿಡಿದು, ಭತ್ತದ ಗದ್ದೆ ತುಳಿಯುವವನಂತೆ ನಡೆದ. ಕಾಲಡಿ ಏನೋ ಸರಕ್ಕನೆ ಜಾರಿತು.

"ಲೇ, ಭೂಮಿ ಹೊಂಟೈತಲೇ" ಎಂದು ಅಂಗಾತ ಬಿದ್ದ.

ನಂಗು ಪಾರಾಯಿತು, ಗಾಳ ಅವನದೇ ಪ್ಯಾಂಟಿಗೆ ಸಿಕ್ಕಿತ್ತು. ದಡದಲ್ಲಿದ್ದ ದೋಣಿಯವನೂ ನಾನೂ ಸೇರಿ ಅವನನ್ನು ದಡಕ್ಕೆ ಎಳೆದೆವು. ದೋಣಿಯವನು ಗಾಳ ಬಿಡಿಸುತ್ತಾ, "ಇಷ್ಟು ದೊಡ್ಡದು ಈ ವರ್ಷ ಇದೇ ಮೊದಲು" ಎಂದ.

ಡಾಕ್ಟರ ಅಪ್ಪಣೆ

ಪ್ರತಿ ಸಲ ಊರಿಗೆ ಬರುವಾಗ ಅವನು ಅಲ್ಲಿನ ಮಾರುಕಟ್ಟೆಯಲ್ಲಿ ನಂಗು ಕೊಂಡು, ಮಂಜುಗಡ್ಡೆಯಲ್ಲಿಟ್ಟು ತಂದು, ತಾನೇ ಹಿಡಿದೆ ಎಂದು ಹೆಂಡತಿಗೆ ಕೊಡುತ್ತಿದ್ದ. ಆಕೆ ಅದನ್ನು ಓಣಿಗೆಲ್ಲ ಹೇಳುತ್ತಿದ್ದರು. ಆಮೇಲೆ ಅವನ ಹೃದಯ ಕೆಟ್ಟಿತು. ಬಳ್ಳಾರಿಯ ಡಾಕ್ಟರು ಆಯಾಸ ಕೂಡದು ಎಂದರು.

"ಮೀನು ಹಿಡಿಯಾಕ ಹೋಗಬಹುದೇನ್ರಿ?"

"ಎಷ್ಟು ಹಿಡಿದೀರಿ ಇಲ್ಲೀತನಕ?"

"ಒಂದೂ ಇಲ್ರಿ."

"ಹಂಗಾದ್ರ ಹೋಗ್ರಿ, ಆಯಾಸ ಆಗಂಗಿಲ್ಲ."

ನಾನು ನಕ್ಕೆ, ಅವನು ನಗಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದು, "ನಾ ಸತ್ತರೂ ಆಕೀಗೆ ಮೀನಿನ ಗುಟ್ಟು ಹೇಳಬ್ಯಾಡಲೇ" ಎಂದ. ಮುಂದಿನ ಕಾರವಾರದ ಹೊತ್ತಿಗೆ ಅವನೇ ಇರಲಿಲ್ಲ. ಕಚೇರಿಯಲ್ಲಿ ಪಕ್ಕದ ಖಾಲಿ ಕುರ್ಚಿ ನೋಡಲಾರದೆ ನಾನು ಮೇಜು ತಿರುಗಿಸಿಕೊಂಡೆ.

ಕಾಗೆಯ ಮುಂದೆ

ಅವನ ದಿನದ ಕಾರ್ಯ ಸಿರುಗುಪ್ಪದಲ್ಲಿ. "ಎಡಿಗೆ ಅವರು ಹಿಡೀತಿದ್ದ ಮೀನಾನ ಆಗಬೇಕ್ರಿ, ಅಣ್ಣ" ಎಂದಿದ್ದರು ಅವನ ಹೆಂಡತಿ. ಬಳ್ಳಾರಿಯಲ್ಲಿ ಹುಡುಕಿ ಒಂದು ನಂಗು ಕೊಂಡು ಒಯ್ದೆ. ನಾನೇ ಕಾರವಾರಕ್ಕೆ ಹೋಗಿ ಹಿಡಿದೆ ಎಂದೆ. ಆಕೆ ತಲೆಯಾಡಿಸಿದರು.

ಸಮಾಧಿಯ ಮುಂದೆ ಎಲೆ ಹಾಕಿದೆವು. ಕಾಗೆ ಬೇವಿನ ಮರದ ಮೇಲೆ ಕೂತಿತು, ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವನಿಗೆ ಏನೋ ಕೊರಗು ಉಳಿದಿದೆ ಎಂದರ್ಥ. ಯಾರೂ ಊಟ ಮಾಡುವಂತಿಲ್ಲ. ಅವನ ಅಣ್ಣ ಮುಂದೆ ಬಂದು, "ಮನಿ ನಾ ನೋಡ್ಕೊಂತೀನಿ, ಬಾರೋ" ಎಂದ. ಮಗಳು, "ಅವ್ವನ್ನ ಬಿಡಂಗಿಲ್ಲಪ್ಪ" ಎಂದಳು. ಕಾಗೆ ಬೇರೆ ಕಡೆ ನೋಡಿತು. ಅವನ ಕೊರಗು ಯಾವುದೆಂದು ನನಗೊಬ್ಬನಿಗೇ ಗೊತ್ತು, ಬಾಯಿ ಬಿಡುವಂತಿಲ್ಲ.

ಹೆಂಡತಿ ಕಣ್ಣೊರೆಸಿಕೊಂಡು ಎದ್ದರು. ನೆರೆದ ಬೀಗರು, ಬಿಜ್ಜರು, ಇಡೀ ಓಣಿಯ ನಡುವೆ ನಿಂತು, ಮರದ ತುದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನಿಮ್ಮ ಗಾಳಕ್ಕ ಒಂದೂ ಬಿದ್ದಿಲ್ಲ, ಎಲ್ಲಾ ಕೊಂಡು ತಂದವು ಅಂತ ನನಗ ಮೊದಲಿಂದ ಗೊತ್ತೈತ್ರಿ. ನಾ ಸಾಯೋತನಕ ಒಬ್ಬರ ಮುಂದೂ ಹೇಳಂಗಿಲ್ಲ. ಬಂದು ಉಣ್ರಿ."

ಕಾಗೆ ಇಳಿದು ಬಂದು ನೇರ ಮೀನಿಗೇ ಬಾಯಿ ಹಾಕಿತು.